ಎರಡಡಿಯ ಬಾಗಿಲು: ಗಾಯಗೊಂಡ ಯೋಧರ ಮನೆಗಳ ಇತಿಹಾಸ



ಎರಡನೆಯ ಮಹಾಯುದ್ಧ ಯಾವಾಗ ಮುಗಿಯಿತು ಎಂದು ಪರೀಕ್ಷೆಯಲ್ಲಿ ಕೇಳಿದರೆ 1945ರ ಸೆಪ್ಟೆಂಬರ್ 2 ಎಂದು ನೀವು ಬರೆಯುತ್ತೀರಿ. ಉತ್ತರ ಸರಿ, ಅಂಕವೂ ಸಿಗುತ್ತದೆ. ಜಪಾನು ಶರಣಾಗತಿ ಪತ್ರಕ್ಕೆ ಸಹಿ ಹಾಕಿದ ದಿನ ಅದು. ಆದರೆ ಬೆನ್ನುಹುರಿಗೆ ಗುಂಡು ತಗುಲಿ, ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಸೈನಿಕನಿಗೆ ಯುದ್ಧ ಮುಗಿಯುವುದು ಯಾವಾಗ? ಅವನು ತನ್ನ ಮನೆಗೆ ಬಂದು, ಯಾರ ಸಹಾಯವೂ ಇಲ್ಲದೆ ಬಚ್ಚಲುಮನೆಗೆ ಹೋಗಿ ಮುಖ ತೊಳೆದುಕೊಂಡ ದಿನ ಎನ್ನಬಹುದು. ಆ ದಿನಾಂಕ ನಿಮ್ಮ ಪಠ್ಯಪುಸ್ತಕದಲ್ಲಿ ಇರುವುದಿಲ್ಲ. ಆದರೂ ಅದಕ್ಕೊಂದು ಇತಿಹಾಸವಿದೆ. ಅದರಲ್ಲಿ ಸೇನಾಪತಿಗಳು ಕಡಿಮೆ. ಬಾಗಿಲು, ಮೆಟ್ಟಿಲು, ಅಂಗುಲ, ಅಡಿಗಳೇ ಹೆಚ್ಚು.

ಇಲ್ಲಿ ಅಮೆರಿಕಾದ ಉದಾಹರಣೆಯನ್ನು ತೆಗೆದುಕೊಂಡಿದ್ದೇವೆ. ಗಾಯಗೊಂಡ ಯೋಧನಿಗೆ ಪಿಂಚಣಿ ಕೊಡುವುದು ಹಳೆಯ ಪದ್ಧತಿ. ಅವನ ಮನೆಯನ್ನು ಅವನಿಗೆ ಹೊಂದುವಂತೆ ಕಟ್ಟಿಕೊಳ್ಳಲು ಸರ್ಕಾರವೇ ಹಣ ಕೊಡಬೇಕು ಎಂದು ಅಲ್ಲಿ 1948ರಲ್ಲಿ ಕಾನೂನಾಯಿತು. ಆ ಕಾನೂನು ಹುಟ್ಟಿದ್ದೇಕೆ, ಯಾರಿಗೆ ದಕ್ಕಿತು, ಯಾರಿಗೆ ದಕ್ಕಲಿಲ್ಲ ಎಂಬುದನ್ನು ನೋಡೋಣ.

ಬದುಕಿ ಉಳಿದವರ ಸಮಸ್ಯೆ

ಮೊದಲನೆಯ ಮಹಾಯುದ್ಧದಲ್ಲಿ, ಅಂದರೆ 1914ರಿಂದ 1918ರ ಅವಧಿಯಲ್ಲಿ, ಬೆನ್ನುಹುರಿಗೆ ಪೆಟ್ಟು ಬಿದ್ದವರು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಅವರನ್ನು ಕೊಲ್ಲುತ್ತಿದ್ದುದು ಬಹುತೇಕ ಗುಂಡಲ್ಲ, ಸೋಂಕು. ಸ್ಪರ್ಶಜ್ಞಾನವಿಲ್ಲದ ದೇಹ ಒಂದೇ ಮಗ್ಗುಲಲ್ಲಿ ಗಂಟೆಗಟ್ಟಲೆ ಮಲಗಿದರೆ ಚರ್ಮ ಕೊಳೆತು ಹಾಸಿಗೆ ಹುಣ್ಣಾಗುತ್ತದೆ. ಮೂತ್ರಕೋಶದಲ್ಲಿ ಸೋಂಕು ಹುಟ್ಟಿ ಮೂತ್ರಪಿಂಡಗಳಿಗೆ ಏರುತ್ತದೆ. ಹೀಗಾಗಿ ಅಂದಿನ ವೈದ್ಯರು ಇಂಥ ರೋಗಿಗಳ ವಿಷಯದಲ್ಲಿ ಆಸೆಯನ್ನೇ ಬಿಟ್ಟಿದ್ದರು.

ಎರಡನೆಯ ಮಹಾಯುದ್ಧದ ಹೊತ್ತಿಗೆ ಚಿತ್ರ ಬದಲಾಯಿತು. 1930ರ ದಶಕದಲ್ಲಿ ಸಲ್ಫಾ ಔಷಧಿಗಳು ಬಂದವು. ಅಲೆಕ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಗುರುತಿಸಿದ ಪೆನಿಸಿಲಿನ್, 1944ರ ವೇಳೆಗೆ ದೊಡ್ಡ ಪ್ರಮಾಣದಲ್ಲಿ ತಯಾರಾಗಿ ಯುದ್ಧಭೂಮಿಯನ್ನು ತಲುಪಿತು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗುಟ್‌ಮನ್ 1944ರಲ್ಲಿ ಬೆನ್ನುಹುರಿ ವಿಭಾಗವನ್ನು ಆರಂಭಿಸಿದರು. ಇವರು ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಯಹೂದಿ ವೈದ್ಯರು. ರೋಗಿಯನ್ನು ಹಗಲೂ ರಾತ್ರಿ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸಬೇಕು, ಆದಷ್ಟು ಬೇಗ ಕೂರಿಸಬೇಕು, ಆಟ ಆಡಿಸಬೇಕು ಎಂಬುದು ಅವರ ನಿಯಮ. ಪ್ಯಾರಾಲಿಂಪಿಕ್ಸ್ ಕ್ರೀಡೆಗಳ ಮೂಲ ಇರುವುದೂ ಅದೇ ಆಸ್ಪತ್ರೆಯ ಅಂಗಳದಲ್ಲಿ 1948ರಲ್ಲಿ ನಡೆದ ಬಿಲ್ಲುಗಾರಿಕೆಯ ಸ್ಪರ್ಧೆಯಲ್ಲಿ. ಅಮೆರಿಕಾದಲ್ಲಿಯೂ ಇದೇ ಬಗೆಯ ಚಿಕಿತ್ಸೆ ಆರಂಭವಾಗಿತ್ತು.

ಪರಿಣಾಮವೇನು? ಎರಡು ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಕಾಲುಗಳ ಸ್ವಾಧೀನವಿಲ್ಲದೆ, ಆದರೆ ಜೀವಂತವಾಗಿ ಯುದ್ಧದಿಂದ ಮರಳಿದರು. ಹೆಚ್ಚಿನವರು ಇಪ್ಪತ್ತು ಇಪ್ಪತ್ತೈದರ ಆಸುಪಾಸಿನ ಯುವಕರು. ಕೆಲವರಿಗೆ ಮದುವೆಯಾಗಿತ್ತು, ಕೆಲವರಿಗೆ ನಿಶ್ಚಯವಾಗಿತ್ತು. ವೈದ್ಯಶಾಸ್ತ್ರ ತನ್ನ ಕೆಲಸ ಮಾಡಿತ್ತು. ಇನ್ನು ಅವರನ್ನು ಮನೆಗೆ ಕಳಿಸುವುದಷ್ಟೇ ಬಾಕಿ. ಕಷ್ಟ ಎದುರಾದದ್ದು ಅಲ್ಲಿಯೇ.

ಒಂದು ಅಂಗುಲದ ಲೆಕ್ಕ

ಆ ಯುವಕರು ಕುಳಿತಿದ್ದ ಗಾಲಿಕುರ್ಚಿ ಆಗಿನ ಕಾಲಕ್ಕೆ ಹೊಸ ವಸ್ತು. ಗಣಿ ಅಪಘಾತದಲ್ಲಿ ಬೆನ್ನು ಮುರಿದುಕೊಂಡಿದ್ದ ಎಂಜಿನಿಯರ್ ಹರ್ಬರ್ಟ್ ಎವರೆಸ್ಟ್, ಆತನ ಸ್ನೇಹಿತ ಹ್ಯಾರಿ ಜೆನ್ನಿಂಗ್ಸ್, ಇವರಿಬ್ಬರೂ ಸೇರಿ 1933ರಲ್ಲಿ ಉಕ್ಕಿನ ಕೊಳವೆಗಳಿಂದ ಮಡಚುವ ಕುರ್ಚಿಯನ್ನು ಮಾಡಿದ್ದರು. ಅಡಿಯಲ್ಲಿ ಇಂಗ್ಲಿಷಿನ ಎಕ್ಸ್ ಅಕ್ಷರದಂತೆ ಕತ್ತರಿಯಾಕಾರದ ಪಟ್ಟಿಗಳು. ಮಡಚಿದರೆ ಸುಮಾರು 11 ಅಂಗುಲ, ಕಾರಿನಲ್ಲಿ ಇಡಬಹುದು. ಬಿಡಿಸಿದರೆ ಅಗಲ ಸುಮಾರು 25 ಅಂಗುಲ.

ಈಗ ಮನೆಯನ್ನು ನೋಡಿ. ಅಂದಿನ ಅಮೆರಿಕಾದ ಸಾಮಾನ್ಯ ಮನೆಗಳಲ್ಲಿ ಬಚ್ಚಲುಮನೆಯ ಬಾಗಿಲು ಬಹುಮಟ್ಟಿಗೆ ಎರಡಡಿ, ಅಂದರೆ 24 ಅಂಗುಲ. ಒಂದೇ ಅಂಗುಲದ ವ್ಯತ್ಯಾಸ! ಆದರೆ ಆ ಒಂದು ಅಂಗುಲ ಒಬ್ಬ ಮನುಷ್ಯನ ದಿನಚರಿಯನ್ನೇ ತಲೆಕೆಳಗು ಮಾಡುತ್ತದೆ. ಕುರ್ಚಿ ಬಾಗಿಲಲ್ಲಿ ನಿಂತುಬಿಡುತ್ತದೆ. ಅಲ್ಲಿಂದ ಒಳಕ್ಕೆ ಹೆಂಡತಿಯೋ ತಾಯಿಯೋ ಅವನನ್ನು ಎತ್ತಬೇಕು. ಎಪ್ಪತ್ತು ಕಿಲೋ ತೂಕದ ಗಂಡಸನ್ನು ದಿನಕ್ಕೆ ಐದಾರು ಬಾರಿ ಎತ್ತುವವಳ ಸೊಂಟದ ಗತಿ ಏನಾಗಬೇಕು? ಎತ್ತಿಸಿಕೊಳ್ಳುವವನ ಮನಸ್ಸಿನ ಗತಿ ಏನಾಗಬೇಕು?

ಹೊರಗೂ ಇದೇ ಕಥೆ. ಏಳು ಅಂಗುಲ ಎತ್ತರದ ಮೂರು ಮೆಟ್ಟಿಲುಗಳು ಮನೆಯ ಮುಂದೆ ಇವೆ ಎಂದುಕೊಳ್ಳಿ. ಒಟ್ಟು ಎತ್ತರ 21 ಅಂಗುಲ. ನಡೆಯುವವನು ಎರಡು ಸೆಕೆಂಡಿನಲ್ಲಿ ಹತ್ತುತ್ತಾನೆ. ಗಾಲಿಕುರ್ಚಿಯವನಿಗೆ ಅದು ಗೋಡೆ. ಅದರ ಬದಲು ಇಳಿಜಾರು ದಾರಿ ಬೇಕು. ಎಷ್ಟು ಇಳಿಜಾರು? ಇಲ್ಲಿ ನಿಮ್ಮ ಭೌತಶಾಸ್ತ್ರದ ಪಾಠವನ್ನು ನೆನಪಿಸಿಕೊಳ್ಳಿ. ಕುರ್ಚಿ ಮತ್ತು ಮನುಷ್ಯ ಸೇರಿ 100 ಕಿಲೋ ಇದ್ದು, ದಾರಿ ನಾಲ್ಕು ಅಡಿಗೆ ಒಂದು ಅಡಿ ಏರುವಂತಿದ್ದರೆ, ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೂ, ಸುಮಾರು 24 ಕಿಲೋ ಭಾರ ಎತ್ತುವಷ್ಟು ಬಲದಿಂದ ತಳ್ಳುತ್ತಲೇ ಇರಬೇಕು. ಹನ್ನೆರಡು ಅಡಿಗೆ ಒಂದು ಅಡಿ ಏರುವಂತೆ ಮಾಡಿದರೆ ಎಂಟು ಕಿಲೋ ಚಿಲ್ಲರೆಯಷ್ಟು ಬಲ ಸಾಕು. ತೋಳಿನ ಬಲವೊಂದನ್ನೇ ನಂಬಿದವನು ಇದನ್ನು ನಿಭಾಯಿಸಬಲ್ಲ. ಈ ಲೆಕ್ಕದಂತೆ 21 ಅಂಗುಲದ ಎತ್ತರಕ್ಕೆ 21 ಅಡಿ ಉದ್ದದ ಇಳಿಜಾರು ಬೇಕು. ಅಂದರೆ ಇದು ಮನೆ ಕಟ್ಟಿದ ಮೇಲೆ ಒಂದು ಹಲಗೆ ಇಟ್ಟು ಮುಗಿಸುವ ಕೆಲಸವಲ್ಲ. ನಿವೇಶನವನ್ನು ಆರಿಸುವಾಗಲೇ ಯೋಚಿಸಬೇಕಾದ ಕೆಲಸ.

ಈ ಸತ್ಯವನ್ನು ಸ್ವಂತ ಅನುಭವದಿಂದ ಬಲ್ಲವರೊಬ್ಬರು ಅಮೆರಿಕಾದ ಅಧ್ಯಕ್ಷರೇ ಆಗಿದ್ದರು. ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಕಾಲುಗಳು 1921ರಲ್ಲಿ ಬಂದ ಕಾಯಿಲೆಯಿಂದ ಸೋತಿದ್ದವು. ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕಿನಲ್ಲಿ 1938–39ರಲ್ಲಿ ಅವರು ತಾವೇ ಯೋಚಿಸಿ ಕಟ್ಟಿಸಿಕೊಂಡ ‘ಟಾಪ್ ಕಾಟೇಜ್’ ಎಂಬ ಪುಟ್ಟ ಕಲ್ಲಿನ ಮನೆಗೆ ಒಳಗೆ ಹೊಸ್ತಿಲುಗಳಿಲ್ಲ. ಕುಳಿತವರಿಗೆ ಹೊರಗಿನ ನೋಟ ಕಾಣುವಂತೆ ಕಿಟಕಿಗಳು ತಗ್ಗಿನಲ್ಲಿವೆ. ಆದರೆ ಅಧ್ಯಕ್ಷರಿಗೆ ಸಾಧ್ಯವಾದದ್ದು ಸಾಮಾನ್ಯ ಸಿಪಾಯಿಗೆ ಸಾಧ್ಯವಾಗುವುದು ಹೇಗೆ?

1948ರ ಕಾನೂನು

ರೂಸ್‌ವೆಲ್ಟ್ 1944ರ ಜೂನ್ 22ರಂದು ಸಹಿ ಮಾಡಿದ ‘ಜಿ.ಐ. ಬಿಲ್’ ಯುದ್ಧದಿಂದ ಮರಳುವ ಸೈನಿಕರಿಗೆ ಓದಲು ಹಣ, ಮನೆ ಕೊಳ್ಳಲು ಸಾಲದ ಖಾತರಿ ಕೊಟ್ಟಿತು. 1952ರ ಹೊತ್ತಿಗೆ ಸುಮಾರು 24 ಲಕ್ಷ ಗೃಹಸಾಲಗಳು ಈ ಖಾತರಿಯ ಮೇಲೆ ಸಿಕ್ಕವು. ನಗರಗಳ ಹೊರವಲಯದಲ್ಲಿ ಒಂದೇ ಅಚ್ಚಿನ ಸಾವಿರಾರು ಮನೆಗಳು ಎದ್ದವು. ಆದರೆ ಆ ಅಚ್ಚು ನಡೆಯಬಲ್ಲವನಿಗಾಗಿ ಮಾಡಿದ್ದು. ಸಾಲ ಸಿಕ್ಕರೂ ಒಳಗೆ ಹೋಗಲಾಗದ ಮನೆ ಯಾರಿಗೆ ಬೇಕು? ಮನೆಯಿಲ್ಲದ ಕಾರಣಕ್ಕೆ ಗುಣವಾದವರೂ ಆಸ್ಪತ್ರೆಯಲ್ಲೇ ಉಳಿಯುವಂತಾಯಿತು.

1947ರ ಫೆಬ್ರವರಿಯಲ್ಲಿ ಷಿಕಾಗೋ ಬಳಿಯ ಹೈನ್ಸ್ ಆಸ್ಪತ್ರೆಯಲ್ಲಿ ಬೇರೆ ಬೇರೆ ಆಸ್ಪತ್ರೆಗಳ ಪ್ರತಿನಿಧಿಗಳು ಗಾಲಿಕುರ್ಚಿಗಳಲ್ಲೇ ಸಭೆ ಸೇರಿ ‘ಪ್ಯಾರಲೈಸ್ಡ್ ವೆಟರನ್ಸ್ ಆಫ್ ಅಮೆರಿಕಾ’ ಎಂಬ ಸಂಘವನ್ನು ಕಟ್ಟಿದರು. ಅವರ ಮೊದಲ ಬೇಡಿಕೆಗಳಲ್ಲಿ ಒಂದು ಮನೆ. ಮರುವರ್ಷವೇ, 1948ರ ಜೂನ್ 19ರಂದು, ಅಮೆರಿಕಾದ ಸಂಸತ್ತು ಒಪ್ಪಿದ ಕಾನೂನು ಜಾರಿಗೆ ಬಂತು. ಸೇವೆಯ ಕಾರಣದಿಂದ ಬೆನ್ನುಹುರಿಗೆ ಪೆಟ್ಟಾಗಿ ಅಥವಾ ಕಾಯಿಲೆ ತಗುಲಿ ಕಾಲುಗಳ ಸ್ವಾಧೀನ ಕಳೆದುಕೊಂಡವರಿಗೆ, ತಮಗೆ ಹೊಂದುವ ಮನೆಯ ವೆಚ್ಚದ ಅರ್ಧದಷ್ಟನ್ನು, ಗರಿಷ್ಠ 10,000 ಡಾಲರಿನವರೆಗೆ, ಸರ್ಕಾರ ಕೊಡಬೇಕೆಂದು ಅದು ಹೇಳಿತು. ಇದು ಸಾಲವಲ್ಲ, ಅನುದಾನ. ಆಗ ಹೊರವಲಯದ ಒಂದು ಸಾಮಾನ್ಯ ಹೊಸ ಮನೆ ಸುಮಾರು 8,000 ಡಾಲರಿಗೆ ಸಿಗುತ್ತಿತ್ತು ಎಂಬುದನ್ನು ನೆನಪಿಟ್ಟರೆ ಈ ಮೊತ್ತದ ತೂಕ ತಿಳಿಯುತ್ತದೆ.

ಈ ಕಾನೂನಿನ ಹಿಂದಿನ ವಿಚಾರವನ್ನು ಗಮನಿಸಿ. ಅಲ್ಲಿಯವರೆಗೆ ಅಂಗವಿಕಲತೆ ಎಂದರೆ ದೇಹದ ಕೊರತೆ. ದೇಹವನ್ನೇ ಅಳೆದು ಶೇಕಡಾವಾರು ಪಿಂಚಣಿ ಗೊತ್ತುಮಾಡುತ್ತಿದ್ದರು. 1948ರಲ್ಲಿ ಸರ್ಕಾರ ಮೊದಲ ಬಾರಿಗೆ ಬಾಗಿಲನ್ನೂ ಅಳೆಯಬೇಕೆಂದು ಒಪ್ಪಿಕೊಂಡಿತು. ಕಾಲು ಮರಳಿ ಬಾರದು, ಆದರೆ ಬಾಗಿಲನ್ನು ಅಗಲ ಮಾಡಬಹುದು. ಕೊರತೆಯ ಒಂದು ಪಾಲು ಕಟ್ಟಡದಲ್ಲಿದೆ, ಅದನ್ನು ತಿದ್ದಬಹುದು ಎಂಬ ಈ ತಿಳಿವಳಿಕೆ ಮುಂದಿನದಕ್ಕೆಲ್ಲ ಅಡಿಪಾಯವಾಯಿತು.

ಬಿಲ್ಲಿನಂತೆ ಬಾಗಿದ ಮನೆ

ಇಂಥ ಅನುದಾನದ ನೆರವಿನಿಂದ ಎದ್ದ ಮನೆಗಳಲ್ಲಿ ಒಂದು ಲೋಕಪ್ರಸಿದ್ಧವಾಗಿದೆ. ನೌಕಾಪಡೆಯಲ್ಲಿದ್ದ ಕೆನೆತ್ ಲಾರೆಂಟ್ ಬೆನ್ನುಹುರಿಯ ಶಸ್ತ್ರಚಿಕಿತ್ಸೆಯ ನಂತರ ಕಾಲುಗಳ ಸ್ವಾಧೀನ ಕಳೆದುಕೊಂಡಿದ್ದರು. ಅವರ ಪತ್ನಿ ಫಿಲಿಸ್ ಪತ್ರಿಕೆಯೊಂದರಲ್ಲಿ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಕಟ್ಟಿದ ಮನೆಯ ಕುರಿತು ಓದಿದರು. 1948ರಲ್ಲಿ ಕೆನೆತ್ ನೇರವಾಗಿ ರೈಟ್ ಅವರಿಗೇ ಪತ್ರ ಬರೆದರು. ರೈಟ್ ಆಗ ಎಂಬತ್ತು ದಾಟಿದ ಜಗದ್ವಿಖ್ಯಾತರು, ಆದರೂ ಒಪ್ಪಿಕೊಂಡರು.

ಇಲಿನಾಯ್ ರಾಜ್ಯದ ರಾಕ್‌ಫರ್ಡ್ ಪಟ್ಟಣದಲ್ಲಿರುವ ಆ ಮನೆಗೆ ಮಹಡಿಯಿಲ್ಲ. ನೆಲದ ನಕ್ಷೆ ಬಿಲ್ಲಿನಂತೆ ಬಾಗಿದೆ. ಒಳಗಿನ ನೆಲ ಮತ್ತು ಹೊರಗಿನ ಅಂಗಳ ಒಂದೇ ಮಟ್ಟದಲ್ಲಿವೆ, ನಡುವೆ ಹೊಸ್ತಿಲಿಲ್ಲ. ಓಡಾಟದ ಜಾಗಗಳು ವಿಶಾಲವಾಗಿವೆ. ಮೇಜಿನ ಕೆಳಗೆ ಮೊಣಕಾಲು ಹೋಗುವಷ್ಟು ಜಾಗವಿದೆ. ಇನ್ನೊಂದು ಸೂಕ್ಷ್ಮವನ್ನು ನೋಡಿ: ಆಸನಗಳೆಲ್ಲ ತಗ್ಗಾಗಿವೆ. ಬಂದ ಅತಿಥಿ ಕುಳಿತರೆ ಅವನ ಕಣ್ಣು, ಗಾಲಿಕುರ್ಚಿಯಲ್ಲಿರುವ ಯಜಮಾನನ ಕಣ್ಣು ಸಮನಾಗುತ್ತವೆ. ಯಾರೂ ಯಾರನ್ನೂ ಮೇಲಿನಿಂದ ನೋಡುವಂತಿಲ್ಲ. ಆ ಮನೆಯಲ್ಲಿ ಆಸ್ಪತ್ರೆಯ ಕಳೆ ಎಲ್ಲಿಯೂ ಇಲ್ಲ. ದಂಪತಿಗಳು 1952ರಲ್ಲಿ ಒಳಗೆ ಬಂದು, ಸುಮಾರು ಅರವತ್ತು ವರ್ಷ ಅಲ್ಲಿಯೇ ಸಂಸಾರ ಮಾಡಿದರು. 2014ರಿಂದ ಅದು ಸಾರ್ವಜನಿಕರು ನೋಡಬಹುದಾದ ಸಂಗ್ರಹಾಲಯವಾಗಿದೆ.

ಎಲ್ಲರ ಕಥೆ ಇಷ್ಟು ಸುಗಮವಾಗಿರಲಿಲ್ಲ. 1950ರಲ್ಲಿ ತೆರೆಕಂಡ ‘ದಿ ಮೆನ್’ ಚಿತ್ರವನ್ನು ಅವಕಾಶ ಸಿಕ್ಕರೆ ನೋಡಿ. ಫ್ರೆಡ್ ಜಿನ್ನೆಮನ್ ನಿರ್ದೇಶನ. ಮರ್ಲಾನ್ ಬ್ರ್ಯಾಂಡೋ ಅವರ ಮೊದಲ ಚಲನಚಿತ್ರ. ಕಾಲಿನ ಸ್ವಾಧೀನವಿಲ್ಲದ ನಿಜವಾದ ಮಾಜಿ ಸೈನಿಕರೇ ಅದರಲ್ಲಿ ನಟಿಸಿದ್ದಾರೆ. ಹೊಸದಾಗಿ ಮದುವೆಯಾದ ಗಂಡ ಹೆಂಡಿರು ಹೊಸ ಮನೆಗೆ ಬಂದ ರಾತ್ರಿಯೇ ಅವರ ಧೈರ್ಯ ಕುಸಿಯುತ್ತದೆ. ಮನೆ ಕಟ್ಟಿಕೊಟ್ಟರೆ ಎಲ್ಲವೂ ಸರಿಹೋಗುವುದಿಲ್ಲ ಎಂಬುದನ್ನೂ ಆ ಚಿತ್ರ ಮುಚ್ಚಿಡುವುದಿಲ್ಲ.

ಬಾಗಿಲ ಹೊರಗೆ ಉಳಿದವರು

ಇತಿಹಾಸವನ್ನು ಓದುವಾಗ ಒಂದು ಪ್ರಶ್ನೆಯನ್ನು ಯಾವಾಗಲೂ ಕೇಳಬೇಕು: ಯಾರು ಬಿಟ್ಟುಹೋದರು? 1948ರ ಕಾನೂನು ಬೆನ್ನುಹುರಿಯ ಪೆಟ್ಟು ಅಥವಾ ಕಾಯಿಲೆಗೆ ಮಾತ್ರ ಅನ್ವಯಿಸುತ್ತಿತ್ತು. ನೆಲಬಾಂಬಿನಿಂದ ಎರಡೂ ಕಾಲು ಕಳೆದುಕೊಂಡವನು ಮೊದಲಿಗೆ ಅದರ ವ್ಯಾಪ್ತಿಗೆ ಬರಲಿಲ್ಲ; ನಂತರದ ತಿದ್ದುಪಡಿಗಳು ಅವನನ್ನು ಸೇರಿಸಿಕೊಂಡವು.

ಇನ್ನೊಂದು ಗೋಡೆ ಬಣ್ಣದ್ದು. ಜಿ.ಐ. ಬಿಲ್ ಕರಿಯ ಸೈನಿಕರನ್ನು ಹೆಸರಿಸಿ ಹೊರಗಿಟ್ಟಿರಲಿಲ್ಲ. ಆದರೆ ಸಾಲ ಕೊಡುವುದು ಬ್ಯಾಂಕು, ನಿವೇಶನ ಮಾರುವುದು ಕಂಪನಿ. 1947ರಲ್ಲಿ ಮಿಸಿಸಿಪಿ ರಾಜ್ಯದ 13 ಪಟ್ಟಣಗಳಲ್ಲಿ ನಡೆದ ಒಂದು ಸಮೀಕ್ಷೆಯಂತೆ, ಖಾತರಿ ಪಡೆದ 3,229 ಸಾಲಗಳಲ್ಲಿ ಕರಿಯರಿಗೆ ಸಿಕ್ಕಿದ್ದು ಎರಡೇ ಎರಡು. ಅನುದಾನ ಮನೆಯ ವೆಚ್ಚದ ಅರ್ಧ ಮಾತ್ರ. ಉಳಿದರ್ಧಕ್ಕೆ ಸಾಲ ಹುಟ್ಟದವನಿಗೆ ಅಗಲವಾದ ಬಾಗಿಲು ಕಾಗದದ ಮೇಲೆಯೇ ಉಳಿಯುತ್ತದೆ.

ಮೂರನೆಯವರು ಸಮವಸ್ತ್ರ ಧರಿಸದವರು. 1952ರಲ್ಲಿ ಅಮೆರಿಕಾದಲ್ಲಿ 57,000ಕ್ಕೂ ಹೆಚ್ಚು ಜನರಿಗೆ, ಬಹುಪಾಲು ಮಕ್ಕಳಿಗೆ, ಪೋಲಿಯೋ ತಗುಲಿತು. ಕಾಲು ಸೋತ ಮಗುವಿಗೂ ಮೂರು ಮೆಟ್ಟಿಲು ಅಷ್ಟೇ ಎತ್ತರ. ಆದರೆ ಅದಕ್ಕೆ ಅನುದಾನವಿರಲಿಲ್ಲ. ದೇಶ ಯೋಧನಿಗೆ ಋಣಿ ಎಂಬ ನೆಲೆಯಲ್ಲಿ ಹುಟ್ಟಿದ ಕಾನೂನು ಆ ಋಣದ ಆಚೆಗಿನವರನ್ನು ಕಾಣಲಿಲ್ಲ.

ಮನೆಯಿಂದ ಬೀದಿಗೆ

ಈ ಅಂತರವನ್ನು ತುಂಬಿದವರಲ್ಲಿಯೂ ಮಾಜಿ ಸೈನಿಕರೇ ಮುಂದೆ ಇದ್ದರು. ತಿಮೊತಿ ನ್ಯೂಜೆಂಟ್ ಸೇನೆಯಲ್ಲಿ ಸೇವೆ ಮಾಡಿ ಬಂದ ಅಧ್ಯಾಪಕ. 1948ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಗೇಲ್ಸ್‌ಬರ್ಗ್ ಶಾಖೆಯಲ್ಲಿ ಅವರು ಗಾಲಿಕುರ್ಚಿಯ ವಿದ್ಯಾರ್ಥಿಗಳಿಗಾಗಿ ಒಂದು ಕಾರ್ಯಕ್ರಮ ಆರಂಭಿಸಿದರು. ಅದು ಹಳೆಯ ಸೇನಾ ಆಸ್ಪತ್ರೆಯ ಆವರಣ. 1949ರಲ್ಲಿ ಸರ್ಕಾರ ಆ ಶಾಖೆಯನ್ನು ಮುಚ್ಚಿದಾಗ ವಿದ್ಯಾರ್ಥಿಗಳು ಗಾಲಿಕುರ್ಚಿಗಳಲ್ಲೇ ರಾಜಧಾನಿ ಸ್ಪ್ರಿಂಗ್‌ಫೀಲ್ಡಿಗೆ ಹೋಗಿ ಪ್ರತಿಭಟಿಸಿದರು. ಕಾರ್ಯಕ್ರಮ ವಿಶ್ವವಿದ್ಯಾಲಯದ ಮುಖ್ಯ ಆವರಣಕ್ಕೆ ವರ್ಗವಾಯಿತು. ಅಲ್ಲಿ ಕಟ್ಟಡಗಳಿಗೆ ಇಳಿಜಾರು ದಾರಿಗಳು ಬಂದವು. ಗಾಲಿಕುರ್ಚಿಯನ್ನು ಎತ್ತಿ ಒಳಗೆ ಸೇರಿಸಿಕೊಳ್ಳುವ ಬಸ್ಸುಗಳು ಬಂದವು.

1957ರಲ್ಲಿ ನಡೆದ ಒಂದು ಪ್ರಸಂಗ ಕೇಳಿ. ಕಟ್ಟಡಗಳಲ್ಲಿನ ಅಡೆತಡೆಗಳ ವಿರುದ್ಧ ದುಡಿದಿದ್ದ ಹ್ಯೂಗೋ ಡೆಫ್ನರ್ ಎಂಬುವರಿಗೆ ವಾಷಿಂಗ್ಟನ್ನಿನಲ್ಲಿ ರಾಷ್ಟ್ರಪ್ರಶಸ್ತಿ. ಪ್ರಶಸ್ತಿ ಕೊಡುವ ಕಟ್ಟಡಕ್ಕೇ ಮೆಟ್ಟಿಲು! ಅವರನ್ನು ಎತ್ತಿಕೊಂಡು ಹೋಗಬೇಕಾಯಿತು. ಒಬ್ಬೊಬ್ಬರ ಮನೆ ತಿದ್ದಿದರೆ ಸಾಲದು, ಎಲ್ಲ ಕಟ್ಟಡಗಳಿಗೂ ಒಂದು ಅಳತೆ ಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಆ ಅಳತೆಯನ್ನು ರೂಪಿಸುವ ಸಂಶೋಧನೆ 1959ರಲ್ಲಿ ನ್ಯೂಜೆಂಟ್ ಅವರ ಮುಂದಾಳತ್ವದಲ್ಲಿ ಆರಂಭವಾಯಿತು. ಗಾಲಿಕುರ್ಚಿಯವರನ್ನೇ ಕರೆಸಿ, ಎಷ್ಟು ಇಳಿಜಾರು ಹತ್ತಬಲ್ಲರು, ಎಷ್ಟು ಜಾಗದಲ್ಲಿ ತಿರುಗಬಲ್ಲರು, ಕೈ ಎಷ್ಟು ಎತ್ತರಕ್ಕೆ ನಿಲುಕುತ್ತದೆ ಎಂದು ಪ್ರಯೋಗ ಮಾಡಿ ನೋಡಿದರು. 1961ರ ಅಕ್ಟೋಬರಿನಲ್ಲಿ ಕೆಲವೇ ಪುಟಗಳ ಒಂದು ಮಾನದಂಡ ಹೊರಬಂತು. ಬಾಗಿಲು ತೆರೆದಾಗ ಕನಿಷ್ಠ 32 ಅಂಗುಲ ದಾರಿ ಇರಬೇಕು. ಇಳಿಜಾರು 12 ಅಡಿಗೆ 1 ಅಡಿಗಿಂತ ಕಡಿದಾಗಿರಬಾರದು. ಕುರ್ಚಿ ತಿರುಗಲು ಸುಮಾರು 5 ಅಡಿ ಉದ್ದ, 5 ಅಡಿ ಅಗಲದ ಜಾಗ ಬೇಕು. ಈ ಸರಳ ಅಂಕೆಗಳ ಮೇಲೆ 1968ರಲ್ಲಿ ಸರ್ಕಾರಿ ಕಟ್ಟಡಗಳ ಕಾನೂನು, 1990ರಲ್ಲಿ ಅಂಗವಿಕಲರ ಹಕ್ಕುಗಳ ಕಾನೂನು ನಿಂತವು. 1948ರ ಗೃಹ ಅನುದಾನವೂ ನಿಲ್ಲಲಿಲ್ಲ. ವಿಯೆಟ್ನಾಂ, ಇರಾಕ್, ಅಫಘಾನಿಸ್ತಾನ ಯುದ್ಧಗಳ ಗಾಯಾಳುಗಳಿಗೂ ದೊರೆತು, ಇಂದು ಅದರ ಗರಿಷ್ಠ ಮೊತ್ತ ಒಂದು ಲಕ್ಷ ಡಾಲರನ್ನು ಮೀರಿದೆ.

ನಮ್ಮ ಹೊಸ್ತಿಲು

ಇಷ್ಟು ದೂರದ ಕಥೆ ನಮಗೇಕೆ ಎಂದು ನೀವು ಕೇಳಬಹುದು. ಗಾಯಗೊಂಡ ಯೋಧರು ನಮ್ಮಲ್ಲಿಯೂ ಇದ್ದಾರೆ. ಪುಣೆಯ ಕೃತಕ ಅಂಗ ಕೇಂದ್ರ ಸ್ಥಾಪನೆಯಾದದ್ದು ಎರಡನೆಯ ಮಹಾಯುದ್ಧದ ನಡುವೆ, 1944ರಲ್ಲಿ. ಬೆನ್ನುಹುರಿಗೆ ಪೆಟ್ಟಾದ ಸೈನಿಕರಿಗಾಗಿ ಪುಣೆಯ ಖಡ್ಕಿಯಲ್ಲಿ 1974ರಲ್ಲಿ ಪುನರ್ವಸತಿ ಕೇಂದ್ರ ತೆರೆಯಿತು. ಬೆಳಗಾವಿಯಲ್ಲಿ ಮರಾಠಾ ಪದಾತಿ ದಳದ ಕೇಂದ್ರವಿದೆ, ಬೆಂಗಳೂರಿನಲ್ಲಿ ಮದ್ರಾಸ್ ಎಂಜಿನಿಯರ್ ದಳದ ಕೇಂದ್ರವಿದೆ; ಕೊಡಗಿನಲ್ಲಿ ಸೇನೆಗೆ ಹೋದವರಿರುವ ಮನೆಗಳು ಎಷ್ಟೋ. ಕೇಂದ್ರದಲ್ಲಿ ಇಳಿಜಾರು ದಾರಿ ಇರುತ್ತದೆ. ಊರ ಮನೆಯಲ್ಲಿ?

ನಮ್ಮ ಮನೆಗೆ ಜಗಲಿ ಇದೆ, ಅದಕ್ಕೆ ಮೆಟ್ಟಿಲಿದೆ. ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿ ಪೂಜಿಸುತ್ತೇವೆ. ಅದನ್ನು ತೆಗೆಯಲು ಮನಸ್ಸು ಒಪ್ಪದು. ಆದರೆ ಗಾಲಿಕುರ್ಚಿಯ ಮುಂದಿನ ಚಿಕ್ಕ ಗಾಲಿ ನಾಲ್ಕು ಅಂಗುಲದ ಹೊಸ್ತಿಲನ್ನು ಹತ್ತಲಾರದು. ಬಚ್ಚಲು ತಗ್ಗಿನಲ್ಲಿ, ಶೌಚಾಲಯ ಹಲವೆಡೆ ಹಿತ್ತಲಿನಲ್ಲಿ, ಕುಕ್ಕರಗಾಲಿನಲ್ಲಿ ಕೂರುವಂಥದ್ದು. ನಮ್ಮ ದೇಶದ 1995ರ ಕಾಯಿದೆ, ಅದರ ಬದಲಿಗೆ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಎರಡೂ ಅಡೆತಡೆಯಿಲ್ಲದ ಕಟ್ಟಡಗಳ ಮಾತನ್ನು ಆಡುತ್ತವೆ; ಆದರೆ ಅವುಗಳ ಒತ್ತು ಸಾರ್ವಜನಿಕ ಜಾಗಗಳ ಮೇಲಿದೆ. ಮನೆಯೊಳಗಿನ ಎತ್ತುವ ಇಳಿಸುವ ಕೆಲಸ ಇಂದಿಗೂ ಬಹುಪಾಲು ಹೆಂಡತಿ, ತಾಯಿ, ಮಗಳ ಪಾಲಿನದು. ಅದನ್ನು ಸೇವೆ ಎಂದು ಹೊಗಳಿ ಸುಮ್ಮನಾಗುವುದು ಸುಲಭ. ಆ ಸೇವೆಯಲ್ಲಿ ಎಷ್ಟು ಪಾಲು ಅನಿವಾರ್ಯ, ಎಷ್ಟು ಪಾಲು ಬರೀ ಇಕ್ಕಟ್ಟಾದ ಬಾಗಿಲಿನಿಂದ ಹುಟ್ಟಿದ್ದು ಎಂದು ಕೇಳುವುದು ಸ್ವಲ್ಪ ಕಷ್ಟ. ಕೇಳಬೇಕಾದದ್ದು ಮಾತ್ರ ಅದನ್ನೇ.

ಒಂದು ಕೆಲಸ ಮಾಡಿ. ಅಳತೆಯ ಟೇಪು ತೆಗೆದುಕೊಂಡು ನಿಮ್ಮ ಮನೆಯ, ಶಾಲೆ ಕಾಲೇಜಿನ ಬಾಗಿಲುಗಳ ಅಗಲ, ಹೊಸ್ತಿಲುಗಳ ಎತ್ತರ, ಮೆಟ್ಟಿಲುಗಳ ಒಟ್ಟು ಎತ್ತರವನ್ನು ಬರೆದುಕೊಳ್ಳಿ. 32 ಅಂಗುಲ, 12ಕ್ಕೆ 1, 5 ಅಡಿ ಎಂಬ ಮೂರು ಅಂಕೆಗಳನ್ನು ಪಕ್ಕದಲ್ಲಿಟ್ಟು ಹೋಲಿಸಿ. ನಿಮ್ಮಲ್ಲಿ ಕೆಲವರು ಮುಂದೆ ಎಂಜಿನಿಯರ್‌ಗಳಾಗುತ್ತೀರಿ, ಮೇಸ್ತ್ರಿಗಳಾಗುತ್ತೀರಿ, ಪಂಚಾಯಿತಿ ಸದಸ್ಯರಾಗುತ್ತೀರಿ. ಬಹುತೇಕ ಎಲ್ಲರೂ ಒಂದಲ್ಲ ಒಂದು ದಿನ ಮನೆ ಕಟ್ಟಿಸುತ್ತೀರಿ. ಆ ದಿನ ಬಾಗಿಲಿಗೆ ಎಂಟು ಅಂಗುಲ ಹೆಚ್ಚು ಬಿಡಲು ತಗಲುವ ಖರ್ಚು ಅಲ್ಪ. ಗೋಡೆ ಎದ್ದ ಮೇಲೆ ಒಡೆಯುವ ಖರ್ಚು ಬಹಳ.